ಹನ್ನೊಂದೂವರೆಯ ಹಸಿವು

ಕಳೆದ ವರ್ಷ ಆಟಿ ತಿಂಗಳಲ್ಲಿ, ಮುಂಬಯಿ ಬಳಿಯ ಡೊಂಬಿವಲಿಯ ಒಂದು ಸಭಾಗೃಹದಲ್ಲಿ, ಇನ್ನೂರು ಜನರ ನಡುವೆ, ನಾನು ಅಪ್ಪನ ತಟ್ಟೆಯಿಂದ ಎರಡು ತುಂಡು ಕೆಸುವಿನೆಲೆಯ ಪತ್ರೊಡೆಯನ್ನು ಎತ್ತಿ ನನ್ನ ತಟ್ಟೆಗೆ ಹಾಕಿಕೊಂಡೆ. ಅವರನ್ನು ಒಂದು ಮಾತು ಕೇಳಲಿಲ್ಲ. "ಸಾಕಪ್ಪ, ಸಕ್ಕರೆ ಎಷ್ಟಿದೆ ಎಂದು ಗೊತ್ತಿದೆಯಲ್ಲ" ಎಂದು ಪಕ್ಕದವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ. ಎದುರಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ತಲೆಯಾಡಿಸುತ್ತಾ, "ಊಟ ಬಲ್ಲವನಿಗೆ ರೋಗವಿಲ್ಲ. ಮಗಳು ಮಾಡಿದ್ದು ಸರಿಯಾಗಿದೆ" ಎಂದರು. ಅಪ್ಪ ಯಾರಿಗೂ ಏನೂ ಹೇಳಲಿಲ್ಲ. ತಟ್ಟೆಯಲ್ಲಿ ಅನ್ನವಿತ್ತು, ಹುರುಳಿ ಸಾರಿತ್ತು, ತಜಂಕಿನ, ಅಂದರೆ ತಗಟೆ ಸೊಪ್ಪಿನ, ಪಲ್ಯವಿತ್ತು. ಎಲ್ಲವನ್ನೂ ಹಾಗೆಯೇ ಬಿಟ್ಟು ಕೈತೊಳೆಯಲು ಎದ್ದು ಹೋದರು.

ಅಪ್ಪ ಅನ್ನ ಬಿಟ್ಟು ಎದ್ದದ್ದನ್ನು ಅದಕ್ಕೆ ಮೊದಲು ನಾನು ಕಂಡವಳಲ್ಲ. ಅವರ ತಟ್ಟೆಯನ್ನು ತೊಳೆಯುವುದಕ್ಕೆ ತೆಗೆದುಕೊಂಡರೆ ಇದರಲ್ಲಿ ಯಾರಾದರೂ ಉಂಡಿದ್ದಾರೆಯೇ ಎಂಬ ಅನುಮಾನ ಬರಬೇಕು, ಅಷ್ಟು ಸ್ವಚ್ಛ. ಕೊನೆಯ ಅಗುಳನ್ನು ತೋರುಬೆರಳಿನಿಂದ ಒತ್ತಿ ಎತ್ತುತ್ತಾರೆ, ಕರಿಬೇವಿನ ಎಲೆಯನ್ನೂ ಚೀಪಿ ಬದಿಗಿಡುತ್ತಾರೆ. ಅಂಥವರ ತಟ್ಟೆ ಅಂದು ಅರ್ಧ ತುಂಬಿಕೊಂಡೇ ಉಳಿಯಿತು. ರಿಕ್ಷಾದಲ್ಲಿ ಮನೆಗೆ ಬರುವಾಗ ಅವರು ಹೊರಗೆ ನೋಡುತ್ತಿದ್ದರು, ನಾನು ಮೊಬೈಲು ನೋಡುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಆ ತಟ್ಟೆಯೇ ಇತ್ತು. ಒಂದು ವರ್ಷವಾದರೂ ಅದು ಹೋಗಿಲ್ಲ.

ಆಟಿಯೆಂದರೆ ನಮ್ಮ ತುಳುನಾಡಿನ ಕಡೆ ಮಳೆಗಾಲದ ಹಸಿವಿನ ತಿಂಗಳು. ಹಳೆಯ ಬತ್ತ ಮುಗಿದು ಹೊಸದು ಇನ್ನೂ ಗದ್ದೆಯಲ್ಲಿ ನೀರು ಕುಡಿಯುತ್ತಿರುವ ಹೊತ್ತು. ತಗಟೆ ಸೊಪ್ಪು, ಕೆಸು, ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಹಲಸಿನ ಬೀಜ, ಇವೆಲ್ಲ ರುಚಿಗೆಂದು ಹುಟ್ಟಿದ ಅಡುಗೆಗಳಲ್ಲ, ಬೇರೆ ಏನೂ ಇಲ್ಲದ್ದರಿಂದ ಹುಟ್ಟಿದವು. ಆ ತಿಂಗಳನ್ನು ಈಗ ಮುಂಬಯಿಯ ತುಳು-ಕನ್ನಡ ಸಂಘಗಳು 'ಆಟಿಡೊಂಜಿ ದಿನ' (ಆಟಿಯಲ್ಲೊಂದು ದಿನ) ಎಂದು ಇಪ್ಪತ್ತು ಮೂವತ್ತು ಬಗೆಯ ಅಡುಗೆ ಬಡಿಸಿ ನೆನೆಯುತ್ತವೆ. ಇದು ನನಗೆ ನಿಜವಾಗಿಯೂ ಇಷ್ಟದ ದಿನ. ಹಸಿದವರು ತಿಂದದ್ದನ್ನು ಅವರ ಮಕ್ಕಳು ಮೊಮ್ಮಕ್ಕಳು ಹೊಟ್ಟೆ ತುಂಬಾ ತಿಂದು ನೆನೆಯುವುದು ದೊಡ್ಡ ಮಾತು. ಆ ಸಭಾಗೃಹದಲ್ಲಿ ಆಟಿಯ ಹಸಿವನ್ನು ಹೊಟ್ಟೆಯಲ್ಲಿ ಉಂಡು ಬಲ್ಲವರು ಬೆರಳೆಣಿಕೆಯಷ್ಟು ಮಂದಿ ಇದ್ದರು. ಅವರಲ್ಲೊಬ್ಬರ ತಟ್ಟೆಗೆ ನಾನು ಕೈ ಹಾಕಿದೆ.

ಫ್ರಿಜ್ಜಿನ ಮೇಲಿನ ಹಾಳೆ

ಅಪ್ಪನಿಗೆ ಮಧುಮೇಹವಿದೆಯೆಂದು ಗೊತ್ತಾಗಿ ಒಂಬತ್ತು ವರ್ಷಗಳಾದವು. ಅಮ್ಮ ಇರುವವರೆಗೆ ಎಲ್ಲವೂ ಹೇಗೋ ನಡೆಯಿತು. ಅವಳು ಹೋದ ಮೇಲೆ ಅಪ್ಪ ನಮ್ಮ ಮನೆಗೆ ಬಂದರು. ಬಂದ ವರ್ಷವೇ ಎಚ್‌ಬಿಎ1ಸಿ 8.6ಕ್ಕೆ ಏರಿತ್ತು. ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುವ ಈ ಅಂಕಿ 6.5 ಮುಟ್ಟಿದರೆ ಮಧುಮೇಹ. ಹಾಗಾಗಿ 8.6 ನೋಡಿ ನಾನು ಹೆದರಿದ್ದರಲ್ಲಿ ತಪ್ಪಿರಲಿಲ್ಲ. ಡಾಕ್ಟರು ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮೆಪಿರೈಡ್ ಎಂಬ ಇನ್ನೊಂದು ಮಾತ್ರೆ ಸೇರಿಸಿದರು. ಕೆಳಗಿನ ಮಹಡಿಯಲ್ಲಿ ಆಹಾರ ಸಲಹೆ ಕೊಡುವವರು ಐದು ನಿಮಿಷದಲ್ಲಿ ಒಂದು ಹಾಳೆ ಕೊಟ್ಟರು. ಎಡಗಡೆ ಹಸಿರು ಬಣ್ಣದಲ್ಲಿ ತಿನ್ನಬಹುದಾದದ್ದು, ಬಲಗಡೆ ಕೆಂಪಿನಲ್ಲಿ ತಿನ್ನಬಾರದ್ದು. ಕೆಂಪಿನಲ್ಲಿ ಅನ್ನ, ಇಡ್ಲಿ, ದೋಸೆ, ತೆಂಗಿನಕಾಯಿ, ಬೆಲ್ಲ, ಬಾಳೆಹಣ್ಣು, ಮಾವು, ಹಲಸು. ನಮ್ಮ ಅಡುಗೆಮನೆ ನಿಂತಿರುವುದೇ ಇವುಗಳ ಮೇಲೆ. ಅಪ್ಪ ಏನು ತಿನ್ನುತ್ತಾರೆ, ಎಷ್ಟು ಹೊತ್ತಿಗೆ ತಿನ್ನುತ್ತಾರೆ, ಯಾರು ಅಡುಗೆ ಮಾಡುತ್ತಾರೆ ಎಂದು ಅಲ್ಲಿ ಯಾರೂ ಕೇಳಲಿಲ್ಲ. ನನಗೂ ಅದು ಕೊರತೆಯೆನಿಸಲಿಲ್ಲ. ಹಾಳೆಯನ್ನು ತಂದು ಫ್ರಿಜ್ಜಿಗೆ ಅಂಟಿಸಿದೆ.

ಅನಿಸದಿರಲು ಕಾರಣವಿದೆ. ಇಪ್ಪತ್ತಾರನೆಯ ವಯಸ್ಸಿನಿಂದ ನಾನೇ ಅಂಥ ಹಾಳೆಗಳ ಮೇಲೆ ಬದುಕಿದವಳು. ಹೆರಿಗೆಯ ನಂತರ ಒಂದು, ನಾದಿನಿಯ ಮದುವೆಗೆ ಮುಂಚೆ ಒಂದು, ನಲವತ್ತು ತುಂಬಿದಾಗ ಒಂದು. ಒಮ್ಮೆ ದಿನಕ್ಕೆ 1,200 ಕ್ಯಾಲೊರಿ, ಒಮ್ಮೆ ಹದಿನಾರು ಗಂಟೆಯ ಉಪವಾಸ, ಒಮ್ಮೆ ಅನ್ನ ಚಪಾತಿ ಎರಡೂ ಇಲ್ಲದೆ ಬರೀ ಪನೀರು ಮೊಟ್ಟೆ. ಪ್ರತಿ ಸಲವೂ ನಾಲ್ಕೈದು ಕಿಲೊ ಇಳಿಯುತ್ತಿತ್ತು, ವರ್ಷದೊಳಗೆ ಇಳಿದದ್ದಕ್ಕಿಂತ ಒಂದೆರಡು ಕಿಲೊ ಜಾಸ್ತಿಯೇ ಮರಳುತ್ತಿತ್ತು. ಬೆಳಗಿನ ಫಾಸ್ಟ್ ಲೋಕಲ್ ರೈಲಿನ ಮಹಿಳೆಯರ ಡಬ್ಬಿಯಲ್ಲಿ, ಅಂದರೆ ಬೋಗಿಯಲ್ಲಿ, ನಮ್ಮ ಮಾತೆಲ್ಲ ಇದೇ. ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣದವರೆಗೆ ಹದಿನೆಂಟು ವರ್ಷ ಜೊತೆಯಾಗಿ ಹೋಗಿ ಬಂದ ನಮಗೆ ಪರಸ್ಪರರ ಸಂಬಳ ಗೊತ್ತಿಲ್ಲ, ತೂಕ ಗೊತ್ತಿದೆ. "ನಿನ್ನೆ ಕೆಟ್ಟು ಹೋದೆ, ಎರಡು ವಡಾಪಾವ್ ತಿಂದೆ" ಎಂದು ಒಬ್ಬಳು, "ಇವತ್ತು ಒಳ್ಳೆಯವಳಾಗಿರುತ್ತೇನೆ, ಬರೀ ಸಲಾಡ್" ಎಂದು ಇನ್ನೊಬ್ಬಳು. ಹೊಟ್ಟೆಗೆ ಹೋದ ತಿಂಡಿ ನಮ್ಮನ್ನು ಒಳ್ಳೆಯವರನ್ನೋ ಕೆಟ್ಟವರನ್ನೋ ಮಾಡುತ್ತದೆ ಎಂದು ನಾವು ಯಾವಾಗ ಒಪ್ಪಿಕೊಂಡೆವೋ ಗೊತ್ತಿಲ್ಲ. ಅದೇ ನ್ಯಾಯಸ್ಥಾನಕ್ಕೆ ನಾನು ಅಪ್ಪನನ್ನೂ ಎಳೆದು ತಂದೆ. ಬೆಳಿಗ್ಗೆ ಏಳೂವರೆಗೆ ನೀರಿನಲ್ಲಿ ಬೇಯಿಸಿದ ಅರ್ಧ ಬಟ್ಟಲು ಓಟ್ಸ್, ಮಧ್ಯಾಹ್ನ ಒಂದೂವರೆಗೆ ಒಂದು ಚಪಾತಿ ಮತ್ತು ಪಲ್ಯ, ರಾತ್ರಿ ತರಕಾರಿ ಸೂಪು. ಎಪ್ಪತ್ತು ದಾಟಿದ, ಜೀವಮಾನವೆಲ್ಲ ಕುಚ್ಚಲಕ್ಕಿ ಉಂಡ ಮನುಷ್ಯನಿಗೆ.

ಆಟಿಗೆ ಒಂದು ತಿಂಗಳು ಮೊದಲು, ಜೂನ್ ಕೊನೆಯ ಒಂದು ಸಂಜೆ, ಹೊರಗೆ ಮಳೆ ಸುರಿಯುತ್ತಿತ್ತು. ಹಾಲು ತರಲು ಹೊರಟವಳು ಬಾಗಿಲ ಹಿಂದಿನ ಮೊಳೆಯಲ್ಲಿ ನೇತುಹಾಕಿದ್ದ ಅಪ್ಪನ ಕೊಡೆಯನ್ನು ತೆಗೆದುಕೊಂಡೆ. ಬಿಡಿಸಿದಾಗ ಮಡಿಕೆಯೊಳಗಿಂದ ಒಂದು ಪೊಟ್ಟಣ ಕಾಲ ಬಳಿ ಬಿತ್ತು. ಎಣ್ಣೆ ಹೀರಿ ಅಕ್ಷರಗಳು ಪಾರದರ್ಶಕವಾಗಿದ್ದ ಮರಾಠಿ ಪತ್ರಿಕೆಯ ತುಂಡು, ಒಳಗೆ ಎರಡು ಬನ್ಸ್. ಒಂದನ್ನು ಅರ್ಧ ತಿಂದು, ಹಲ್ಲಿನ ಗುರುತು ಕಾಣದಂತೆ ಆ ಬದಿಯನ್ನು ಒಳಗೆ ಮಾಡಿ ಮಡಚಿಟ್ಟಿದ್ದರು. ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನದ್ದು. ನಾನು ಕೂಗಾಡಿದೆ. "ಇಷ್ಟು ವಯಸ್ಸಾದರೂ ಬಾಯಿಚಪಲ ಹೋಗಲಿಲ್ಲವಲ್ಲ ಅಪ್ಪ" ಎಂದೆ. ಧಣಿಯ ಕೈಗೆ ಸಿಕ್ಕಿಬಿದ್ದ ಮಾಣಿಯಂತೆ ಅವರು ಗೋಡೆಗೆ ಒರಗಿ ನಿಂತಿದ್ದರು.

ಸೋಮವಾರದ ಸಂಜೆಗಳು

ಪತ್ರೊಡೆಯ ಘಟನೆಯಾಗಿ ಎರಡು ವಾರಕ್ಕೆ, ಲೋಕಲಿನ ಗೆಳತಿಯೊಬ್ಬಳ ಮಾತಿನಂತೆ ಅಪ್ಪನನ್ನು ದಾದರಿನ ಒಬ್ಬ ಆಹಾರ ಸಲಹೆಗಾರ್ತಿಯ ಬಳಿಗೆ ಕರೆದುಕೊಂಡು ಹೋದೆ. ಅವರದು ಡಯಟ್ ಇಲ್ಲದ ಸಲಹೆ ಎಂದು ಆಕೆ ಹೇಳಿದ್ದಳು. ನನಗೆ ಆ ಮಾತು ತಲೆಗೆ ಹೋಗಿರಲಿಲ್ಲ. ನಾನು ಹೋದದ್ದು ಅಪ್ಪನಿಗೆ ಬುದ್ಧಿ ಹೇಳಿಸುವುದಕ್ಕೆ.

ಪುಟ್ಟ ಕೋಣೆ. ತೂಕದ ಯಂತ್ರ ಇರಲಿಲ್ಲ, ಗೋಡೆಯ ಮೇಲೆ ಹಣ್ಣು ತರಕಾರಿಯ ಪಟ್ಟಿಗಳೂ ಇರಲಿಲ್ಲ. ವರದಿಗಳ ಕಡತವನ್ನು ನಾನು ಮುಂದೆ ಚಾಚಿದೆ. ಅವರು ಅದನ್ನು ತೆಗೆದುಕೊಂಡು ಪಕ್ಕಕ್ಕಿಟ್ಟು ಅಪ್ಪನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದರು: "ಕಾಕಾ, ಚಿಕ್ಕವರಿದ್ದಾಗ ಮನೆಯಲ್ಲಿ ಊಟ ಬಡಿಸುತ್ತಿದ್ದವರು ಯಾರು?"

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮುಕ್ಕಾಲು ಗಂಟೆ ಮಾತಾಡಿದರು. ಮರಾಠಿ, ಬೊಂಬಾಯಿ ಹಿಂದಿ, ನಡುನಡುವೆ ತುಳು. ತುಳುವನ್ನು ನಾನು ಅವರಿಗೆ ಮರಾಠಿಯಲ್ಲಿ ಹೇಳುತ್ತಿದ್ದೆ, ಹೇಳುತ್ತಲೇ ಮೊದಲ ಸಲ ಕೇಳುತ್ತಿದ್ದೆ. ಅಜ್ಜ ಗೇಣಿ ಒಕ್ಕಲು. ಬೆಳೆದದ್ದರಲ್ಲಿ ಮುಡಿಗಟ್ಟಲೆ ಅಕ್ಕಿ ಧಣಿಯ ಮನೆಗೆ ಹೋಗುತ್ತಿತ್ತು. ಗದ್ದೆ ಸ್ವಂತದ್ದಾದದ್ದು 1974ರ ಭೂಸುಧಾರಣೆಯ ಮೇಲೆ, ಅಷ್ಟು ಹೊತ್ತಿಗೆ ಅಪ್ಪ ಮುಂಬಯಿಗೆ ಬಂದು ಹತ್ತು ವರ್ಷವಾಗಿತ್ತು. ಮನೆಯಲ್ಲಿ ಏಳು ಮಕ್ಕಳು. ಅಜ್ಜಿ ಮರದ ಸೌಟಿನಿಂದ ಗಂಜಿ ಬಡಿಸುವಾಗ ಸೌಟು ಪಾತ್ರೆಯ ತಳಕ್ಕೆ ಹೋಯಿತೇ ಇಲ್ಲವೇ ಎಂದು ಎಲ್ಲ ಮಕ್ಕಳೂ ನೋಡುತ್ತಿದ್ದರಂತೆ. ತಳಕ್ಕೆ ಹೋದರೆ ಅಗುಳು, ಹೋಗದಿದ್ದರೆ ಬರೀ ತಿಳಿ. "ಅಮ್ಮ ತನಗೆ ಬಡಿಸಿಕೊಳ್ಳುವಾಗ ಸೌಟು ಯಾವತ್ತೂ ತಳಕ್ಕೆ ಹೋಗುತ್ತಿರಲಿಲ್ಲ" ಎಂದರು ಅಪ್ಪ.

1964ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಅಪ್ಪ ಮುಂಬಯಿಯ ಫೋರ್ಟ್ ಭಾಗದ ಒಂದು ಹೋಟೆಲಿಗೆ ಲೋಟ ತೊಳೆಯಲು ಬಂದರು. ಹಗಲು ಮೋರಿಯ ಮುಂದೆ, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ, ಮಲಗುವುದು ಹೋಟೆಲಿನ ಮೇಜುಗಳನ್ನು ಜೋಡಿಸಿ. ಈ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ನನಗೆ ಗೊತ್ತಿರದಿದ್ದದ್ದು ಸೋಮವಾರದ ಸಂಜೆಗಳು. 1965ರಲ್ಲಿ ದೇಶದಲ್ಲಿ ಮಳೆ ಕೈಕೊಟ್ಟಿತ್ತು, ಅಮೆರಿಕದಿಂದ ಹಡಗಿನಲ್ಲಿ ಗೋಧಿ ಬರಬೇಕಿತ್ತು. ವಾರಕ್ಕೊಂದು ಹೊತ್ತಿನ ಊಟ ಬಿಡಿ ಎಂದು ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಕರೆ ಕೊಟ್ಟರು. ಸೋಮವಾರ ಸಂಜೆ ಹೋಟೆಲುಗಳು ಬಾಗಿಲು ಹಾಕುತ್ತಿದ್ದವು. ಅಪ್ಪನ ಹೋಟೆಲಿನಲ್ಲಿ ಒಲೆ ಹೊತ್ತುತ್ತಿರಲಿಲ್ಲ, ಹುಡುಗರಿಗೂ ಊಟವಿರುತ್ತಿರಲಿಲ್ಲ. "ದೇಶಕ್ಕಾಗಿ ಬಿಡುತ್ತಿದ್ದೇನೆ ಎಂಬ ಹೆಮ್ಮೆ ಇತ್ತು. ಸುಳ್ಳು ಹೇಳುವುದಿಲ್ಲ, ಹೆಮ್ಮೆ ಇತ್ತು. ಆದರೆ ಹದಿನಾಲ್ಕು ವರ್ಷದ ಹೊಟ್ಟೆಗೆ ಮಂಗಳವಾರ ಬೆಳಗಾಗುವುದೇ ಇಲ್ಲ ಎನಿಸುತ್ತಿತ್ತು" ಎಂದರು. "ಆಗ ಒಂದು ಪಾವ್ ಬಚ್ಚಿಡುವುದನ್ನು ಕಲಿತೆ. ಟ್ರಂಕಿನಲ್ಲಿಟ್ಟರೆ ಇರುವೆ ಮುತ್ತುತ್ತದೆ, ಇಲಿ ಬರುತ್ತದೆ. ಮೊಳೆಗೆ ನೇತುಹಾಕಿದ ಕೊಡೆಯೊಳಗೆ ಇಟ್ಟರೆ ಯಾವುದೂ ಬರುವುದಿಲ್ಲ."

ನಾನು ಇದನ್ನು ಮರಾಠಿಯಲ್ಲಿ ಹೇಳಬೇಕಾಗಿರಲಿಲ್ಲ, ಅಪ್ಪ ಮರಾಠಿಯಲ್ಲೇ ಹೇಳಿದ್ದರು. ಹೇಳಬೇಕಾಗಿದ್ದರೆ ಆಗುತ್ತಿರಲಿಲ್ಲ.

ಆಕೆ ಮತ್ತೊಂದು ಪ್ರಶ್ನೆ ಕೇಳಿದರು, ಮುಖ್ಯವಾದದ್ದು ಅದೇ. "ಈಗ ಕೊಡೆಯೊಳಗಿನದನ್ನು ಎಷ್ಟು ಗಂಟೆಗೆ ತಿನ್ನುತ್ತೀರಿ ಕಾಕಾ?" ಅಪ್ಪ ತಡವರಿಸದೆ ಹೇಳಿದರು: "ಹನ್ನೊಂದೂವರೆಗೆ." ಯಾಕೆ ಆ ಹೊತ್ತು? "ಆಗ ಕೈ ನಡುಗುತ್ತದೆ. ಬೆನ್ನು ಬೆವರುತ್ತದೆ. ಟಿ.ವಿ.ಯ ಅಕ್ಷರ ಮಂಜಾಗುತ್ತದೆ. ಏನಾದರೂ ಬಾಯಿಗೆ ಹಾಕಿಕೊಂಡರೆ ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ." ಆಕೆಯ ಮುಖ ಬದಲಾಯಿತು. ಪಕ್ಕಕ್ಕಿಟ್ಟಿದ್ದ ಕಡತ ತೆಗೆದು ಮಾತ್ರೆಗಳ ಹೆಸರು ನೋಡಿದರು. "ಇದು ನನ್ನ ಕೆಲಸ ಅಲ್ಲ, ಮೊದಲು ಡಾಕ್ಟರನ್ನು ಕಾಣಬೇಕು. ಮನೆಗೆ ಹೋಗಿ ಈ ಹೊತ್ತಿಗೆ ಸರಿಯಾಗಿ ಗ್ಲುಕೋಮೀಟರಿನಲ್ಲಿ ನೋಡಿ" ಎಂದರು. ಮರುದಿನ ರಜೆ ಹಾಕಿ ಮನೆಯಲ್ಲಿ ಕುಳಿತೆ. ಹನ್ನೊಂದು ಮೂವತ್ತೈದಕ್ಕೆ ಬೆರಳು ಚುಚ್ಚಿ ನೋಡಿದಾಗ ಬಂದ ಅಂಕಿ 61.

ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅದು ಅಪಾಯದ ಇಳಿತ. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ. ಹೊಟ್ಟೆಗೆ ಊಟ ಬಿತ್ತೇ ಇಲ್ಲವೇ ಎಂದು ಅದು ಕಾಯುವುದಿಲ್ಲ. ಮಾತ್ರೆ ಸೇರಿಸಿದ ವಾರವೇ ನಾನು ಅನ್ನ ಕಿತ್ತುಕೊಂಡಿದ್ದೆ. ಅರ್ಧ ಬಟ್ಟಲು ಓಟ್ಸ್ ತಿಂದ ದೇಹ ನಾಲ್ಕು ಗಂಟೆಯಲ್ಲಿ ಖಾಲಿಯಾಗಿ, ಪ್ರಾಣ ಉಳಿಸಿಕೊಳ್ಳಲು ಕೊಡೆಯ ಕಡೆಗೆ ಕೈ ಚಾಚುತ್ತಿತ್ತು. ವಯಸ್ಸಾದವರು ಇಂಥ ಹೊತ್ತಿನಲ್ಲಿ ಸ್ನಾನದ ಮನೆಯಲ್ಲಿ ಬೀಳುತ್ತಾರೆ, ಸೊಂಟ ಮುರಿದುಕೊಳ್ಳುತ್ತಾರೆ, ಪ್ರಜ್ಞೆ ತಪ್ಪುತ್ತಾರೆ. ಅಪ್ಪ ಬಿದ್ದಿರಲಿಲ್ಲ, ಏಕೆಂದರೆ ಕದ್ದು ತಿಂದಿದ್ದರು. ಡಾಕ್ಟರು ವರದಿ ನೋಡಿ ಆ ಮಾತ್ರೆಯನ್ನು ನಿಲ್ಲಿಸಿ ಬೇರೆ ಬರೆದುಕೊಟ್ಟರು.

ಚಪಲ ಎಂಬ ಮಾತನ್ನು ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ನಮ್ಮ ಭಾಷೆಯಲ್ಲಿ ಅದು ಎಷ್ಟು ಸುಲಭವಾಗಿ ನಾಲಿಗೆಗೆ ಬರುತ್ತದೆ! ಮಕ್ಕಳಿಗೆ, ಬಸುರಿಗೆ, ಮುದುಕರಿಗೆ, ವಿಧವೆಯರಿಗಂತೂ ಹಿಂದೆ ಧಾರಾಳವಾಗಿ ಅಂದದ್ದು. ಅನ್ನುವವರು ಯಾವಾಗಲೂ ಸೌಟು ಹಿಡಿದವರು. ಹಸಿವು ಎಂದು ಒಪ್ಪಿಕೊಂಡರೆ ಬಡಿಸಬೇಕಾಗುತ್ತದೆ. ಚಪಲ ಎಂದುಬಿಟ್ಟರೆ ಬಡಿಸದಿರುವುದೇ ಒಳ್ಳೆಯ ಕೆಲಸವಾಗಿಬಿಡುತ್ತದೆ.

ಮೂವತ್ತಾರು ಯುವಕರು

ಎರಡನೆಯ ಭೇಟಿಯಲ್ಲಿ ಆಕೆ ನನ್ನ ಕಡೆ ತಿರುಗಿದರು. "ನೀವು ಬೆಳಿಗ್ಗೆ ಏನು ತಿಂದಿರಿ?" ಹೇಳಿದೆ. "ಹಸಿದಿದ್ದಿರಾ?" ಉತ್ತರ ಹೊಳೆಯಲಿಲ್ಲ. ಗಂಟೆ ಎಂಟಾಗಿತ್ತು, ಮೂರು ಚಮಚ ಅವಲಕ್ಕಿಗೆ ಅನುಮತಿ ಇತ್ತು, ತಿಂದೆ. ಹಸಿವು ಇತ್ತೇ ಎಂದು ನೋಡುವ ಅಭ್ಯಾಸವೇ ತಪ್ಪಿಹೋಗಿತ್ತು. ಊಟದ ಬಗ್ಗೆ ನನಗೆ ನಾನೇ ಹಾಕಿಕೊಂಡ ನಿಯಮಗಳನ್ನೆಲ್ಲ ಬರೆದು ತರಲು ಹೇಳಿದರು. ಆ ರಾತ್ರಿ ಮಗನ ಹಳೆಯ ಲೆಕ್ಕದ ಪುಸ್ತಕದಲ್ಲಿ ಕುಳಿತು ಬರೆದೆ. ಸಂಜೆ ಏಳರ ಮೇಲೆ ಅನ್ನವಿಲ್ಲ. ಬಾಳೆಹಣ್ಣು ದಪ್ಪ ಮಾಡುತ್ತದೆ. ಮಾವಿನ ಹಣ್ಣಾದರೆ ಅರ್ಧ, ಅದೂ ಮಧ್ಯಾಹ್ನ. ಗಣಪತಿ ಹಬ್ಬದಲ್ಲಿ ಮೋದಕ ಒಂದು, ಮರುದಿನ ಉಪವಾಸ. ಉಳಿದದ್ದನ್ನು ತಿಂದರೆ ಲೆಕ್ಕಕ್ಕಿಲ್ಲ, ಆದರೆ ಬಡಿಸಿಕೊಂಡು ತಿನ್ನಬಾರದು. ಮೂವತ್ತೊಂದು ನಿಯಮಗಳಾದವು. ಯಾವುದು ಯಾರಿಂದ ಬಂದದ್ದು ಎಂದು ಪಕ್ಕದಲ್ಲಿ ಬರೆಯಬೇಕಿತ್ತು. ಹನ್ನೊಂದರ ಪಕ್ಕದಲ್ಲಿ ಲೋಕಲಿನ ಡಬ್ಬಿ ಎಂದು ಬರೆದೆ. ಡಾಕ್ಟರು ಎಂದು ಬರೆಯಬಹುದಾದದ್ದು ಎರಡೇ ಎರಡು.

ಆಗ ಅವರು ಹೇಳಿದ್ದು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಪ್ರಯೋಗದ ಕಥೆ. ಮನೆಗೆ ಬಂದು ಅದರ ಬಗ್ಗೆ ಸಿಕ್ಕಿದ್ದೆಲ್ಲವನ್ನೂ ಓದಿದೆ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಯುರೋಪಿನಲ್ಲಿ ಹಸಿದು ಸಾಯುತ್ತಿದ್ದ ಜನರಿಗೆ ಮತ್ತೆ ಹೇಗೆ ಉಣಿಸಬೇಕೆಂದು ತಿಳಿಯಲು ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರನ್ನು ಆರಿಸಿಕೊಂಡರು. ಯುದ್ಧದಲ್ಲಿ ಬಂದೂಕು ಹಿಡಿಯಲು ಒಪ್ಪದೆ, ಬೇರೆ ರೀತಿಯಲ್ಲಿ ಸೇವೆ ಮಾಡುತ್ತೇವೆಂದು ತಾವಾಗಿಯೇ ಬಂದವರು ಅವರು. ವಾಸ ಆಟದ ಮೈದಾನದ ಗ್ಯಾಲರಿಯ ಕೆಳಗಿನ ಕೋಣೆಗಳಲ್ಲಿ. 1945ರ ಫೆಬ್ರವರಿಯಿಂದ 24 ವಾರ ಅವರ ಊಟವನ್ನು ಅರ್ಧಕ್ಕಿಳಿಸಲಾಯಿತು, ದಿನಕ್ಕೆ ಸುಮಾರು 1,570 ಕ್ಯಾಲೊರಿ. ವಾರಕ್ಕೆ 22 ಮೈಲಿ ನಡೆಯಬೇಕು. ತೂಕ ಕಾಲುಭಾಗದಷ್ಟು ಇಳಿಯಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ತೂಕದ ಲೆಕ್ಕವಲ್ಲ, ಅವರ ಮನಸ್ಸಿಗೆ ಆದದ್ದು. ಗಟ್ಟಿಮುಟ್ಟಾದ, ಆದರ್ಶವುಳ್ಳ ಹುಡುಗರು ಊಟದ ಹೊರತು ಬೇರೇನನ್ನೂ ಯೋಚಿಸಲಾರದೆ ಹೋದರು. ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು. ತಟ್ಟೆ ನೆಕ್ಕಿದರು, ಊಟಕ್ಕೆ ನೀರು ಬೆರೆಸಿ ಹೆಚ್ಚು ಮಾಡಿಕೊಂಡರು, ಚೂಯಿಂಗ್ ಗಮ್ಮನ್ನು ಲೆಕ್ಕವಿಲ್ಲದೆ ಅಗಿದರು, ಸಿಡುಕಿದರು, ಗೆಳೆಯರಿಂದ ದೂರವಾದರು. ಪ್ರಯೋಗ ಮುಗಿದು ಬೇಕಾದಷ್ಟು ಊಟ ಸಿಕ್ಕಮೇಲೂ ಹಲವರಿಗೆ ತಿಂಗಳುಗಟ್ಟಲೆ ಹೊಟ್ಟೆ ತುಂಬಿತೆನಿಸಲಿಲ್ಲ.

ರಾತ್ರಿ ಹನ್ನೊಂದಕ್ಕೆ ಎಲ್ಲರೂ ಮಲಗಿದ ಮೇಲೆ ಮೊಬೈಲಿನಲ್ಲಿ ಬಿರಿಯಾನಿ, ಹಲ್ವ, ಚೀಸ್ ತುಂಬಿದ ಪಾವ್ ಮಾಡುವ ವಿಡಿಯೊಗಳನ್ನು ಒಂದರ ಮೇಲೊಂದು ನೋಡುವುದು ನನ್ನ ಹಲವು ವರ್ಷಗಳ ಚಾಳಿ. ಅವುಗಳಲ್ಲಿ ಒಂದನ್ನೂ ಮಾಡಿ ತಿಂದವಳಲ್ಲ. ನನಗೆ ಅದು ನಾಚಿಕೆಯ ಗುಟ್ಟಾಗಿತ್ತು. ಅಡುಗೆ ಪುಸ್ತಕ ಕೂಡಿಟ್ಟ ಆ ಹುಡುಗರ ಬಗ್ಗೆ ಓದಿದ ರಾತ್ರಿ ಮೊದಲ ಸಲ ಅದು ನಾಚಿಕೆಯೆನಿಸಲಿಲ್ಲ. ಅವರಿಗೆ ಕೊಟ್ಟದ್ದು 1,570. ನನ್ನ ಹಾಳೆಯಲ್ಲಿದ್ದದ್ದು 1,200. ಅವರು ಗಂಡಸರು, ಎತ್ತರದವರು, ಅಷ್ಟು ನಡೆಯುತ್ತಿದ್ದವರು, ಹೋಲಿಕೆ ನೇರವಾಗಿ ಹೊಂದುವುದಿಲ್ಲ ಎಂದು ನನಗೆ ಗೊತ್ತು. ಆದರೂ ಅವರದನ್ನು ಅರೆಹೊಟ್ಟೆ ಎಂದು ವಿಜ್ಞಾನ ದಾಖಲಿಸಿತು, ನನ್ನದನ್ನು ಶಿಸ್ತು ಎಂದು ಎಲ್ಲರೂ ಹೊಗಳಿದರು.

ಇಲ್ಲೊಂದು ಮಾತು ಸೇರಿಸಬೇಕು. ಎತ್ತರ ತೂಕಗಳ ಲೆಕ್ಕ ಹಾಕಿ ನನ್ನನ್ನು ಪ್ರತಿ ವರ್ಷ ಕಚೇರಿಯ ಆರೋಗ್ಯ ತಪಾಸಣೆಯಲ್ಲಿ ಕೆಂಪು ಕಟ್ಟಿನೊಳಗೆ ಹಾಕುವ ಬಿಎಂಐಗೆ 1972ರಲ್ಲಿ ಆ ಹೆಸರಿಟ್ಟವರೂ ಇದೇ ಕೀಸ್ ಮತ್ತು ಅವರ ಜೊತೆಗಾರರು. ಲೆಕ್ಕವನ್ನು ಕಂಡುಹಿಡಿದದ್ದು 1830ರ ದಶಕದಲ್ಲಿ, ಬೆಲ್ಜಿಯಮ್ಮಿನ ಅಡಾಲ್ಫ್ ಕೆಟ್ಲೆ. ಅವರು ವೈದ್ಯರಲ್ಲ, ಖಗೋಳ ಮತ್ತು ಸಂಖ್ಯಾಶಾಸ್ತ್ರ ಬಲ್ಲವರು. ಅವರಿಗೆ ಬೇಕಾಗಿದ್ದದ್ದು ಒಂದು ಜನಸಮೂಹದ ಸರಾಸರಿ ಮನುಷ್ಯ. ನಮ್ಮಂಥವರಿಗೆ 25ರ ಬದಲು 23ಕ್ಕೇ ಎಚ್ಚರಿಕೆ ಬೇಕೆನ್ನುವುದರಲ್ಲಿ ಅರ್ಥವಿದೆ, ಭಾರತೀಯರಿಗೆ ಕಡಿಮೆ ತೂಕದಲ್ಲಿಯೇ ಮಧುಮೇಹ ಬರುತ್ತದೆ. ಆದರೆ ಒಬ್ಬ ಮನುಷ್ಯಳ ಊಟ, ನಿದ್ದೆ, ಭಯ, ನಡಿಗೆ, ರಕ್ತದ ಅಂಕಿ ಯಾವುದನ್ನೂ ಆ ಒಂದು ಸಂಖ್ಯೆ ಹೇಳಲಾರದು.

ಹಾಗಾದರೆ ಏನು ಬೇಕಾದರೂ ತಿನ್ನಬಹುದೇ?

ಈ ಪ್ರಶ್ನೆಯನ್ನು ನನ್ನ ಗಂಡ ಕೇಳಿದರು, ಅತ್ತಿಗೆ ಕೇಳಿದರು, ಲೋಕಲಿನ ಡಬ್ಬಿಯಲ್ಲಿ ಎಲ್ಲರೂ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅಪ್ಪನ ಸಕ್ಕರೆ ಕಾಲ್ಪನಿಕವಲ್ಲ. ಅವರ ಅಣ್ಣ ಇದೇ ಕಾಯಿಲೆಯಲ್ಲಿ ಕಾಲು ಕಳೆದುಕೊಂಡರು. ಮೂತ್ರಪಿಂಡ ಸೋತವರು ಉಪ್ಪು, ಪೊಟ್ಯಾಸಿಯಂ ಲೆಕ್ಕ ಇಡಲೇಬೇಕು, ಗೋಧಿ ಒಗ್ಗದ ಕಾಯಿಲೆಯವರು ಗೋಧಿ ಬಿಡಲೇಬೇಕು. 1995ರಲ್ಲಿ ಅಮೆರಿಕದ ಇಬ್ಬರು ಆಹಾರತಜ್ಞೆಯರು, ಎವೆಲಿನ್ ಟ್ರಿಬೋಲೆ ಮತ್ತು ಎಲಿಸ್ ರೆಶ್, ದೇಹದ ಹಸಿವು ತೃಪ್ತಿಗಳನ್ನು ಆಲಿಸಿ ಉಣ್ಣುವ ದಾರಿಯನ್ನು ಬರೆದಾಗಲೂ ಕೊನೆಯ ಸೂತ್ರವಾಗಿ ಇಟ್ಟದ್ದು ಪೌಷ್ಟಿಕತೆಯನ್ನೇ. ಅದನ್ನು ಅವರು ಬಿಟ್ಟಿಲ್ಲ, ಮೊದಲಿಗೆ ಇಡಲಿಲ್ಲ ಅಷ್ಟೇ. ಹೆದರಿಕೊಂಡ ಮನಸ್ಸಿಗೆ ಮೊದಲೇ ಪೌಷ್ಟಿಕತೆ ಹೇಳಿದರೆ ಅದೂ ಇನ್ನೊಂದು ಕೆಂಪು ಹಾಳೆಯಾಗುತ್ತದೆ ಎಂಬುದನ್ನು ನಾನು ನನ್ನಲ್ಲೇ ಕಂಡಿದ್ದೇನೆ. ಮೇಲಾಗಿ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಬರೀ ಹಸಿವನ್ನೇ ನಂಬಿ ಕೂರುವಂತಿಲ್ಲ, ಹೊತ್ತಿಗೆ ಸರಿಯಾಗಿ ಉಣ್ಣಬೇಕು.

ಅಪ್ಪನಿಗೆ ನಮ್ಮ ಸಲಹೆಗಾರ್ತಿ ಮಾಡಿದ್ದು ಇಷ್ಟು. ಮೂರು ಹೊತ್ತು ಊಟ, ಎರಡು ಹೊತ್ತು ಚಿಕ್ಕ ತಿಂಡಿ, ಯಾವುದೂ ತಪ್ಪಕೂಡದು. ಹನ್ನೊಂದಕ್ಕೆ ಒಂದು ಹಿಡಿ ಶೇಂಗಾ ಮತ್ತು ಪೇರಲೆ ಹಣ್ಣೋ ಬೇಯಿಸಿದ ಕಡಲೆಯೋ ಮೇಜಿನ ಮೇಲೆ, ಎಲ್ಲರ ಕಣ್ಣೆದುರಿಗೆ ಇರಬೇಕು. ಮಧ್ಯಾಹ್ನ ಅನ್ನ ಇರಲಿ, ಕುಚ್ಚಲಕ್ಕಿಯದೇ ಇರಲಿ. "ಅನ್ನ ತೆಗೆಯುವುದು ಬೇಡ. ಅನ್ನಕ್ಕೆ ಜೊತೆ ಯಾರು ಎಂದು ನೋಡೋಣ" ಎಂದರು. ಮೊದಲು ಸೊಪ್ಪು, ಕಾಳಿನ ಪಲ್ಯ, ಮೀನು, ಆಮೇಲೆ ಅನ್ನ. ಉಂಡ ಮೇಲೆ ಹದಿನೈದು ನಿಮಿಷ ಕಟ್ಟಡದ ಅಂಗಳದಲ್ಲಿ ನಡಿಗೆ. ಎರಡು ಗಂಟೆಯ ನಂತರ ಸಕ್ಕರೆ ನೋಡಿ ಬರೆದಿಡಬೇಕು. "ನಾನು ಹೇಳಿದ್ದನ್ನು ನಂಬಬೇಡಿ ಕಾಕಾ, ನಿಮ್ಮ ಪುಸ್ತಕವನ್ನು ನಂಬಿ" ಎಂದದ್ದು ಅಪ್ಪನಿಗೆ ಬಹಳ ಹಿಡಿಸಿತು.

ಹಿಡಿಸದೆ ಏನು? ಲೋಟ ತೊಳೆಯಲು ಬಂದವರು ಕೊನೆಯ ಇಪ್ಪತ್ತೆರಡು ವರ್ಷ ಗಲ್ಲಾದಲ್ಲಿ ಕುಳಿತವರು. ಉದ್ದನೆಯ ಕೆಂಪು ರಟ್ಟಿನ ಲೆಕ್ಕದ ಪುಸ್ತಕವೊಂದನ್ನು ಸ್ಟೇಷನ್ ರಸ್ತೆಯಿಂದ ತಂದು, ಜಮಾ ಖರ್ಚು ಬರೆಯುವ ಹಾಗೆ ನಡುವೆ ಗೆರೆ ಎಳೆದರು. ಎಡಕ್ಕೆ ಉಂಡದ್ದು, ಬಲಕ್ಕೆ ಅಂಕಿ. "ಬರೀ ಗಂಜಿ, ಉಪ್ಪಿನಕಾಯಿ: 218." "ಗಂಜಿ ಕಡಿಮೆ, ಹೆಸರುಕಾಳು ಪಲ್ಯ, ಬೂತಾಯಿ ಮೀನು ಎರಡು: 167." "ಅದೇ ಊಟ, ನಡಿಗೆ ಇಲ್ಲ, ಮಳೆ: 189." ಓಟ್ಸ್ ಅವರಿಗೆ ಒಗ್ಗಲಿಲ್ಲ, ಬಿಟ್ಟೆವು. ಬೆಳಿಗ್ಗೆ ಹೆಸರುಬೇಳೆ ಸೇರಿಸಿ ರುಬ್ಬಿದ ದೋಸೆ ಒಗ್ಗಿತು. ಫ್ರಿಜ್ಜಿನ ಹಾಳೆಯನ್ನು ಅಪ್ಪನೇ ಒಂದು ದಿನ ತೆಗೆದು, ಹಿಂಬದಿ ಖಾಲಿ ಇದೆಯೆಂದು ಲೆಕ್ಕದ ಪುಸ್ತಕದೊಳಗೆ ಇಟ್ಟುಕೊಂಡರು. ಆರು ತಿಂಗಳಿಗೆ ಎಚ್‌ಬಿಎ1ಸಿ 7.3ಕ್ಕೆ ಬಂತು. ಹೊಸ ಮಾತ್ರೆಯ ಪಾಲು ಅದರಲ್ಲಿ ಎಷ್ಟು, ಊಟದ ಪಾಲು ಎಷ್ಟು ಎಂದು ಬಿಡಿಸಿ ಹೇಳಲಾರೆ. ಈ ವಯಸ್ಸಿಗೆ ಇಷ್ಟು ಸಾಕು, ಇನ್ನೂ ಇಳಿಸಲು ಹೋಗುವುದು ಬೇಡ ಎಂದರು ಡಾಕ್ಟರು.

ನನ್ನ ಕಥೆ ಅಷ್ಟು ಬೇಗ ಸರಿಹೋಗಲಿಲ್ಲ. ಮೂವತ್ತೊಂದರಲ್ಲಿ ಹದಿನಾಲ್ಕು ನಿಯಮಗಳು ಇನ್ನೂ ಉಳಿದಿವೆ. ಮೊದಲ ಎರಡು ತಿಂಗಳು ಬಾಳೆಹಣ್ಣು ತಿನ್ನಲು ಅನುಮತಿ ಸಿಕ್ಕಿದ ಕೂಡಲೇ ದಿನಕ್ಕೆ ನಾಲ್ಕು ತಿಂದೆ, ಹೆದರಿದೆ, ಆಕೆಗೆ ಫೋನು ಮಾಡಿ ಅತ್ತೆ. "ಇಪ್ಪತ್ತು ವರ್ಷ ಬಾಗಿಲು ಹಾಕಿದ್ದಿರಿ, ತೆರೆದಾಗ ನೂಕುನುಗ್ಗಲಾಗುತ್ತದೆ. ಬಾಗಿಲು ಮತ್ತೆ ಹಾಕುವುದಿಲ್ಲ ಎಂದು ದೇಹಕ್ಕೆ ನಂಬಿಕೆ ಬರಲಿ" ಎಂದರು. ಈಗ ಬಾಳೆಹಣ್ಣು ಬುಟ್ಟಿಯಲ್ಲಿ ಕಪ್ಪಾಗುತ್ತದೆ. ತೂಕ ಎಷ್ಟಿದೆಯೆಂದು ಬರೆಯುವುದಿಲ್ಲ. ಓದುವವರು ಅದನ್ನೇ ಹುಡುಕುತ್ತಾರೆ, ನಾನಾಗಿದ್ದರೆ ಹುಡುಕುತ್ತಿದ್ದೆ.

ಈ ಸಲಹೆ ಎಲ್ಲರ ಕೈಗೆಟಕುವುದಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ಒಂದು ಭೇಟಿಗೆ ಕೊಡುವ ಹಣದಲ್ಲಿ ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಹೆಂಗಸಿನ ಮನೆಗೆ ವಾರದ ದಿನಸಿ ಬರುತ್ತದೆ. ಆಕೆ ಬೆಳಿಗ್ಗೆ ಬರೀ ಚಹಾ ಕುಡಿದು ನಾಲ್ಕು ಮನೆ ಮುಗಿಸುತ್ತಾಳೆ, ಅವಳಿಗೂ ಸಕ್ಕರೆ ಇದೆ, ಅವಳ ಕೈಯಲ್ಲೂ ಸರಕಾರಿ ದವಾಖಾನೆಯ ಒಂದು ಹಾಳೆ ಇದೆ. ಐದು ನಿಮಿಷದಲ್ಲಿ ಹಾಳೆ ಕೊಡುವವರ ಹೊರಗೆ ನೂರು ಜನರ ಸಾಲು ಇರುತ್ತದೆ ಎಂಬುದನ್ನೂ ಮರೆಯಲಾರೆ. ಆದರೆ "ಎಷ್ಟು ಗಂಟೆಗೆ ತಿನ್ನುತ್ತೀರಿ" ಎಂದು ಕೇಳಲು ಅರ್ಧ ನಿಮಿಷ ಸಾಕಾಗಿತ್ತು. ಅದನ್ನು ನಾನೂ ಕೇಳಬಹುದಿತ್ತು. ಅಪ್ಪ ನನ್ನ ಮನೆಯಲ್ಲೇ ಇದ್ದರು.

ನಮ್ಮಲ್ಲಿ ಪಥ್ಯ ಎಂಬ ಒಳ್ಳೆಯ ಮಾತಿದೆ. ಬಾಣಂತಿಗೆ ಪಥ್ಯ, ಕಾಮಾಲೆಯವನಿಗೆ ಪಥ್ಯ. ದಾರಿಗೆ ಒಗ್ಗುವುದು ಎಂದು ಅದರ ಮೂಲಾರ್ಥ. ಅದಕ್ಕೊಂದು ಕೊನೆಯಿರುತ್ತಿತ್ತು, ನಲವತ್ತು ದಿನವೋ ಒಂದು ತಿಂಗಳೋ. ಮುಗಿದ ದಿನ ಮನೆಯವರೆಲ್ಲ ಸೇರಿ ಬಿಡಿಸುತ್ತಿದ್ದರು. ಮತ್ತು ಅದನ್ನು ಮಾಡಿ ಬಡಿಸುವವರೊಬ್ಬರು ಇರುತ್ತಿದ್ದರು, ಕಾಯಿಲೆಯವನು ಒಬ್ಬನೇ ಹಾಳೆ ಹಿಡಿದು ಕೂರುತ್ತಿರಲಿಲ್ಲ. ಡಯಟ್ ಎಂಬುದನ್ನು ನಾವು ಪಥ್ಯವೆಂದುಕೊಂಡು ಮನೆಯೊಳಗೆ ಬಿಟ್ಟುಕೊಂಡೆವು ಎಂದು ನನಗೆ ತೋರುತ್ತದೆ.

ಈ ವರ್ಷದ ಆಟಿಯಲ್ಲಿ ಸಭಾಗೃಹಕ್ಕೆ ಹೋಗುವುದು ಬೇಡ, ಮನೆಯಲ್ಲೇ ಮಾಡೋಣ ಎಂದರು ಅಪ್ಪ. ಶನಿವಾರ ಕಚೇರಿಯಿಂದ ಬರುವಾಗ ಮಾಟುಂಗದಲ್ಲಿ ಇಳಿದು, ಸ್ಟೇಷನ್ ಎದುರಿನ ಅಂಗಡಿಗಳ ಸಾಲಿನಲ್ಲಿ ಎರಡು ಕಟ್ಟು ಕೆಸುವಿನ ಎಲೆ, ಒಂದು ಮಂಗಳೂರು ಸೌತೆ ತಂದೆ. ಭಾನುವಾರ ಬೆಳಿಗ್ಗೆ ಅಪ್ಪ ನೆಲದ ಮೇಲೆ ಪತ್ರಿಕೆ ಹಾಸಿ ಕುಳಿತು ಎಲೆಗಳನ್ನು ಮಗುಚಿ ಹಾಕಿ, ಹಿಂಬದಿಯ ದಪ್ಪ ನರಗಳನ್ನು ಚಾಕುವಿನಿಂದ ಸವರಿ ತೆಗೆದರು. ಹಿಟ್ಟು ಸವರುವುದಕ್ಕೆ ನನ್ನನ್ನು ಬಿಡಲಿಲ್ಲ. ಒಂದರ ಮೇಲೊಂದು ಐದು ಎಲೆ, ಬದಿ ಮಡಚಿ ಬಿಗಿಯಾಗಿ ಸುತ್ತಿ, ಬಾಳೆನಾರಿನ ಬದಲು ಹೊಲಿಗೆಯ ದಾರ ಕಟ್ಟಿದರು. ಹಬೆಯಲ್ಲಿ ಬೆಂದು, ಆರಿ, ಬಿಲ್ಲೆಗಳಾಗಿ ಕಾವಲಿಯ ಮೇಲೆ ಎರಡೂ ಬದಿ ಕೆಂಪಗಾದ ಮೇಲೆ ಎಲ್ಲರೂ ಒಟ್ಟಿಗೆ ಕುಳಿತೆವು. ಅಪ್ಪನ ತಟ್ಟೆಗೆ ನಾನು ಬಡಿಸಲಿಲ್ಲ. ಅವರೇ ನಾಲ್ಕು ತುಂಡು ಹಾಕಿಕೊಂಡರು. ಕಾಳಿನ ಪಲ್ಯ ಮುಗಿಸಿ, ಪತ್ರೊಡೆಯನ್ನು ಬಹಳ ನಿಧಾನವಾಗಿ ತಿಂದರು. ಮೂರಾಯಿತು. ನಾಲ್ಕನೆಯದನ್ನು ಮುರಿಯಲು ಕೈ ಚಾಚಿದವರು ಹಾಗೆಯೇ ನಿಲ್ಲಿಸಿದರು. ಸ್ವಲ್ಪ ಹೊತ್ತು ಅದನ್ನೇ ನೋಡಿ, ಎತ್ತಿ ಚಿಕ್ಕ ಸ್ಟೀಲಿನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು.

"ಇದು ಸಂಜೆಗೆ ಇರಲಿ ಮಗಳೇ" ಎಂದರು.